ನಗಿಸುವವನ ಕೈಬರಹ



ಕೂಡ್ಲಿಗಿ ಸೀಮೆಯ ಗುಡೇಕೋಟೆಯನ್ನು ನಿಮ್ಮಲ್ಲಿ ಬಹು ಮಂದಿ ನೋಡಿರಲಾರಿರಿ. ಹೆದ್ದಾರಿಯಿಂದ ಒಳಗೆ ಸರಿದು ನಿಂತ ಊರು ಅದು. ಬಂಡೆಯ ಮೇಲೆ ಬಂಡೆ, ಅದರ ಮೇಲೊಂದು ಗುಂಡು, ಯಾವ ಗಳಿಗೆಯಲ್ಲಿ ಉರುಳುವುದೋ ಎಂಬಂತೆ ಕುಳಿತಿರುವುದು. ಆದರೆ ಉರುಳಿದ್ದನ್ನು ಕಂಡವರಿಲ್ಲ. ಆ ಗುಂಡುಗಳ ನಡುವೆಯೇ ಪಾಳೆಯಗಾರರ ಕಾಲದ ಕೋಟೆಯ ಗೋಡೆ ಏರುತ್ತ ಇಳಿಯುತ್ತ ಹೋಗುತ್ತದೆ. ಸುತ್ತಲ ಕುರುಚಲು ಕಾಡಿನಲ್ಲಿ ಕರಡಿಗಳಿವೆ; ಈಗ ಅದು ಅವುಗಳಿಗಾಗಿಯೇ ಕಾಯ್ದಿರಿಸಿದ ಧಾಮವೂ ಆಗಿದೆ. ಚಿತ್ರದುರ್ಗದ ಒನಕೆ ಓಬವ್ವ ತಮ್ಮೂರಿನ ಮಗಳೆಂದು ಅಲ್ಲಿನ ಜನ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಮದರಾಸು ಪ್ರಾಂತಕ್ಕೆ ಸೇರಿದ್ದ ಈ ಸೀಮೆ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಬಂದಿತು. 2021ರಿಂದ ವಿಜಯನಗರ ಜಿಲ್ಲೆಯೆನಿಸಿಕೊಂಡಿದೆ. ಆಳುವವರ ಹೆಸರು ಎಷ್ಟು ಸಲ ಬದಲಾದರೂ ಸುಗ್ಗಿ ಮುಗಿದ ಮೇಲೆ ಊರ ಮುಂದೆ ಅಟ್ಟ ಕಟ್ಟಿ ಆಟ ಆಡುವ ಪದ್ಧತಿ ಮಾತ್ರ ಆ ಕಡೆ ಬಹುಕಾಲ ಬಿಡದೆ ನಡೆದುಬಂದಿತು.

ನಾವು ಈ ದಿನ ಮಾತನಾಡಬೇಕೆಂದಿರುವುದು ಹಾಸ್ಯಪಾತ್ರವನ್ನು ತಾನೇ ಬರೆದು ತಾನೇ ಆಡುವ ನಟನ ವಿಚಾರ. ಅದಕ್ಕೆ ಗುಡೇಕೋಟೆಯಿಂದ ಏಕೆ ಪೀಠಿಕೆ ಹಾಕಿದೆವೆಂಬುದು ಮುಂದೆ ತಿಳಿಯುವುದು. ಮೊದಲು ದೊಡ್ಡಾಟದ ಮಾತು. ಬಳ್ಳಾರಿ ಸೀಮೆಯ ದೊಡ್ಡಾಟವನ್ನು ಕಂಡವರಿಗೆ ಅದರ ರಾಜರ ವೈಭವ ನೆನಪಿನಲ್ಲಿರುವುದು: ಆಳೆತ್ತರದ ಕಿರೀಟ, ಹೆಗಲ ಮೇಲೆ ಭುಜಕೀರ್ತಿ, ನೆಲ ನಡುಗುವ ಹೆಜ್ಜೆ, ಮದ್ದಲೆ ಮುಖವೀಣೆಗಳ ಅಬ್ಬರ. ಆ ಅಬ್ಬರದ ನಡುವೆ ನಮ್ಮ ನಿಮ್ಮಂತೆ ಉಡುಪು ತೊಟ್ಟ ಒಬ್ಬ ಬಡಕಲು ಮನುಷ್ಯ ನಿಂತಿರುತ್ತಾನೆ. ಅವನಿಗೆ ಸಾರಥಿ ಎಂದು ಹೆಸರು. ತ್ರಿಲೋಕವನ್ನು ಗೆದ್ದು ಬಂದ ವೀರನನ್ನು ಅವನು, "ಅಪ್ಪಾ, ನೀನು ಯಾರು? ನಿನ್ನ ಊರು ಯಾವುದು?" ಎಂದು ಕೇಳುತ್ತಾನೆ. ವೀರನು ಹಳಗನ್ನಡದ ಗದ್ಯದಲ್ಲಿ ತನ್ನ ಬಿರುದುಗಳನ್ನೆಲ್ಲ ಹೇಳಿ ಮುಗಿಸಿದ ಮೇಲೆ, ಆ ಬಿರುದಿನ ಗಾಳಿಯನ್ನು ಸಾರಥಿ ಒಂದೇ ಮಾತಿನಲ್ಲಿ ಇಳಿಸುತ್ತಾನೆ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಭಾಗವತನ ಕೈಯಲ್ಲಿರುವ ಪ್ರಸಂಗದ ಹೊತ್ತಗೆಯಲ್ಲಿ ರಾಜನ ಮಾತಿದೆ, ರಾಣಿಯ ಪದವಿದೆ. ಸಾರಥಿಯ ನಗೆಮಾತು ಅದರಲ್ಲಿ ಸಿಕ್ಕುವುದು ಅಪೂರ್ವ. ಅದನ್ನು ಅವನು ಆ ರಾತ್ರಿ, ಆ ಊರಿನಲ್ಲಿ, ಎದುರಿಗೆ ಕುಳಿತ ಜನರ ಮುಖ ನೋಡಿ ಹುಟ್ಟಿಸಿಕೊಳ್ಳಬೇಕು. ಕೋಳಿ ಕೂಗುವ ಹೊತ್ತಿಗೆ ಕಿರೀಟಗಳು ಪೆಟ್ಟಿಗೆಗೆ ಸೇರುತ್ತವೆ, ಹೊತ್ತಗೆ ಬಟ್ಟೆಯಲ್ಲಿ ಕಟ್ಟಲ್ಪಡುತ್ತದೆ, ಸಾರಥಿಯ ಮಾತು ಎಲ್ಲಿಯೂ ಇರುವುದಿಲ್ಲ.

ಕಂಪನಿ ನಾಟಕಗಳು ಬಂದ ಮೇಲೆ ಈ ಸಾರಥಿಯು ವೇಷ ಬದಲಿಸಿಕೊಂಡು ರಂಗದ ಮೇಲೆಯೇ ಉಳಿದನೆಂದು ನಮ್ಮ ಎಣಿಕೆ. ಗುಬ್ಬಿ ಕಂಪನಿಯ ವೀರಣ್ಣನವರು (1891–1972) ರಂಗಭೂಮಿಗೆ ಆನೆಯನ್ನು ತಂದರು, ಸಾವಿರಾರು ರೂಪಾಯಿಗಳ ಪರದೆಗಳನ್ನು ಬರೆಯಿಸಿದರು. ಆದರೆ ಜನ ಅವರನ್ನು ಇಂದಿಗೂ ನೆನೆಯುವುದು ‘ಸದಾರಮೆ’ಯ ಕಳ್ಳನ ಪಾತ್ರದಿಂದ. ಕಥೆಯಲ್ಲಿ ಆ ಕಳ್ಳನಿಗೆ ಇರುವ ಸ್ಥಾನ ಅಲ್ಪವೇ. ವೀರಣ್ಣನವರು ಅದನ್ನು ಸ್ವಂತ ಮಾತಿನಿಂದ ಬೆಳೆಸಿದರು. ಕಂಪನಿಯ ಯಜಮಾನರೇ ಕಳ್ಳನಾಗಿ ಬರುತ್ತಾರೆಂಬ ತಮಾಷೆಯೂ ಅದಕ್ಕೆ ಕೂಡಿಕೊಂಡಿತು. ಆದಾಗ್ಯೂ ವೀರಣ್ಣನವರು ತಮ್ಮನ್ನು ಗ್ರಂಥಕರ್ತರೆಂದು ಕರೆದುಕೊಂಡವರಲ್ಲ. ನಾಟಕವನ್ನು ಬರೆಯುವವರು ಬೇರೆ, ಆಡುವವರು ಬೇರೆ ಎಂಬ ವ್ಯವಸ್ಥೆಯಲ್ಲಿ ಅವರು ಬೆಳೆದರು.

ಈ ವ್ಯವಸ್ಥೆಯನ್ನು ದಾಟಿದವರಲ್ಲಿ ಮುಖ್ಯರು ಕೆ. ಹಿರಣ್ಣಯ್ಯನವರು. ಅವರಿಗೆ ಜನ ಕೊಟ್ಟ ಹೆಸರು ‘ಕಲ್ಚರ್ಡ್ ಕಮೆಡಿಯನ್’ ಎಂದು. ಹೆಸರು ಇಂಗ್ಲಿಷಿನದಾದರೂ ಅದರೊಳಗೆ ಆ ಕಾಲದ ಒಂದು ಆಕ್ಷೇಪಣೆ ಅಡಗಿದೆ. ಹಾಸ್ಯಗಾರನೆಂದರೆ ಬಾಯಿಗೆ ಬಂದಂತೆ ಆಡುವವನು, ಹೆಂಗಸರು ಮಕ್ಕಳು ಕುಳಿತಿರುವಾಗ ಕಿವಿ ಮುಚ್ಚಿಕೊಳ್ಳುವಂತೆ ಮಾಡುವವನು ಎಂಬ ಭಾವನೆ ಪೇಟೆಯ ಸಭ್ಯ ಗೃಹಸ್ಥರಲ್ಲಿ ಇದ್ದುದರಿಂದಲೇ, ಹಾಗಲ್ಲದ ಒಬ್ಬನಿಗೆ ಇಂಥ ವಿಶೇಷಣ ಬೇಕಾಯಿತು. ಹಿರಣ್ಣಯ್ಯನವರು ತಮ್ಮದೇ ಮಿತ್ರಮಂಡಳಿಯನ್ನು ಕಟ್ಟಿದರು. ಅದರ ಕೃತಿಗಳಿಗೂ ತಾವೇ ಕೈಹಾಕಿದರು. 1943ರಲ್ಲಿ ಪಿಟೀಲು ವಿದ್ವಾನ್ ಚೌಡಯ್ಯನವರೊಡನೆ ಸೇರಿ ‘ವಾಣಿ’ ಎಂಬ ಚಲನಚಿತ್ರವನ್ನು ನಿರ್ದೇಶಿಸಿದರು. ಆದರೆ ಅವರ ಜೀವ ಇದ್ದದ್ದು ರಂಗದಲ್ಲಿಯೇ. ‘ದೇವದಾಸಿ’ಯ ನಾಜೂಕಯ್ಯನನ್ನು ನೆನೆಯಿರಿ. ಹಣವಂತರ ಮನೆ ಹಾಳು ಮಾಡುವುದನ್ನೇ ವೃತ್ತಿಯಾಗಿ ಮಾಡಿಕೊಂಡ ದಲ್ಲಾಳಿ ಅವನು. ಕಥೆಯ ನ್ಯಾಯದಂತೆ ನೋಡಿದರೆ ಖಳನಾಯಕ; ಆದರೆ ಅವನು ಬಾಯಿ ತೆರೆದೊಡನೆ ಸಭೆ ನಗುತ್ತದೆ. ನಗುತ್ತ ನಗುತ್ತ ಸಭೆಯೂ ಅವನ ಪಕ್ಷಕ್ಕೆ ಅರ್ಧ ಸೇರಿಬಿಡುತ್ತದೆ. ಹೆಸರಿನಲ್ಲಿಯೇ ಎಷ್ಟು ನಯ! ಒರಟನಾಗಿದ್ದರೆ ಯಾರೂ ಅವನಿಗೆ ಬಾಗಿಲು ತೆರೆಯುತ್ತಿರಲಿಲ್ಲ ಎಂಬ ಲೋಕಾನುಭವವನ್ನು ನಾಟಕಕಾರನು ಆ ಒಂದು ಹೆಸರಿನಲ್ಲಿ ಇಟ್ಟಿದ್ದಾನೆ.

1953ರಲ್ಲಿ ಹಿರಣ್ಣಯ್ಯನವರು ತೀರಿಕೊಂಡರು. ಮಗ ನರಸಿಂಹಮೂರ್ತಿಗೆ ಆಗ 19 ವರ್ಷ. ಮೈಸೂರಿನಲ್ಲಿ 1934ರ ಫೆಬ್ರವರಿ 15ರಂದು ಹುಟ್ಟಿದ ಈ ಹುಡುಗನನ್ನು ಬಾಲನಟರನ್ನು ಕರೆಯುವ ರೂಢಿಯಂತೆ ‘ಮಾಸ್ಟರ್’ ಎಂದು ಕರೆದರು. ತಂದೆಯ ಹೆಸರು ಅದಕ್ಕೆ ಅಂಟಿಕೊಂಡಿತು. ಹೀಗೆ ಮಾಸ್ಟರ್ ಹಿರಣ್ಣಯ್ಯನೆಂದಾದವರು 85 ವರ್ಷ ತುಂಬಿ, 2019ರ ಮೇ 2ರಂದು ಕಣ್ಣು ಮುಚ್ಚುವವರೆಗೂ ಮಾಸ್ಟರ್ ಆಗಿಯೇ ಉಳಿದರು. ಮೊಮ್ಮಕ್ಕಳನ್ನು ಕಂಡ ಮೇಲೂ ಬಾಲನಟನ ಬಿರುದನ್ನು ಹೊತ್ತು ತಿರುಗಿದ ಮನುಷ್ಯ. ಇದೂ ಅವರ ಹಾಸ್ಯಗಳಲ್ಲಿ ಒಂದೆಂದು ಎಣಿಸಬಹುದು.

ತಂದೆಯ ಕಂಪನಿ ಎಂಬುದು ಮಗನಿಗೆ ಎಂಥ ಆಸ್ತಿ ಎಂದು ವಿಚಾರಿಸಿರಿ. ಹೊಲವಾದರೆ ಗೇಣಿಗೆ ಕೊಡಬಹುದು, ಮನೆಯಾದರೆ ಬಾಡಿಗೆಗೆ ಕೊಡಬಹುದು. ನಾಟಕ ಕಂಪನಿಯೆಂದರೆ ಪರದೆ, ಪೆಟ್ಟಿಗೆ, ಕಾಲು ಹಾರ್ಮೋನಿಯಂ, ಊಟಕ್ಕೆ ಕಾದಿರುವ ಹತ್ತಾರು ಜನ, ಮುಂದಿನ ಮೊಕ್ಕಾಮಿನ ಮೈದಾನದ ಬಾಡಿಗೆ, ತೀರದ ಸಾಲ. ಇವೆಲ್ಲವನ್ನೂ ಎಳೆಯತಕ್ಕ ಎತ್ತು ಒಂದೇ: ಯಜಮಾನನ ಪಾತ್ರವನ್ನು ನೋಡಬೇಕೆಂದು ಬರುವ ಜನ. ಆ ಯಜಮಾನನೇ ಹೋದ ಮೇಲೆ ಜನ ಬರುವರೇ? ತಂದೆಯ ಪಾತ್ರವನ್ನು ತಂದೆಯಂತೆಯೇ ಮಾಡಿದರೆ ಅನುಕರಣ ಎನ್ನುವರು; ಬೇರೆ ಮಾಡಿದರೆ ಹಿರಣ್ಣಯ್ಯನ ಹಾಗಿಲ್ಲ ಎನ್ನುವರು. ಮಗನು ಈ ಇಕ್ಕಟ್ಟಿನಿಂದ ಹೊರಬಂದದ್ದು ತಂದೆಯ ‘ಮಕ್ಮಲ್ ಟೋಪಿ’, ‘ದೇವದಾಸಿ’ಗಳನ್ನು ಬಿಡದೆ, ಅವುಗಳ ಪಕ್ಕದಲ್ಲಿ ತನ್ನದೇ ಒಂದು ದಾರಿ ತೆಗೆದುಕೊಂಡು. ಆ ದಾರಿಗೆ ‘ಲಂಚಾವತಾರ’ ಎಂದು ಹೆಸರು.

ದಶಾವತಾರವನ್ನು ಬಲ್ಲ ಜನಕ್ಕೆ ಆ ಹೆಸರಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ಅವತಾರಗಳನ್ನು ನೋಡಿ ಪುಣ್ಯ ಕಟ್ಟಿಕೊಂಡಿದ್ದ ಪ್ರೇಕ್ಷಕನಿಗೆ, ತಾನು ದಿನವೂ ಕಛೇರಿಯ ಬಾಗಿಲಲ್ಲಿ ಕಾಣುತ್ತಿದ್ದ ಹನ್ನೊಂದನೆಯದನ್ನು ರಂಗದ ಮೇಲೆ ತೋರಿಸಿದಾಗ ಮೊದಲು ಆಶ್ಚರ್ಯ, ಆ ಮೇಲೆ ನಗೆ, ಅದರ ಹಿಂದೆ ಒಂದು ಬಗೆಯ ಸಿಟ್ಟು. ಈ ನಾಟಕ ಹತ್ತು ಸಾವಿರಕ್ಕೂ ಮಿಕ್ಕಿ ಪ್ರಯೋಗಗಳನ್ನು ಕಂಡಿತೆಂದು ಹೇಳುತ್ತಾರೆ. ದಿನಕ್ಕೊಂದರಂತೆ ಒಂದು ದಿನವೂ ಬಿಡದೆ ಆಡಿದರೆ ಅದು 27 ವರ್ಷಗಳ ಕೆಲಸ. ಅಷ್ಟು ದಿನ ಲಂಚ ನಿಂತಿತೇ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಲಂಚ ನಿಂತಿದ್ದರೆ ನಾಟಕವೂ ನಿಲ್ಲುತ್ತಿತ್ತು. ಲೋಕಾಯುಕ್ತದ ಕಾಯಿದೆ ಈ ರಾಜ್ಯಕ್ಕೆ ಬಂದದ್ದು 1984ರಲ್ಲಿ. ಅದಕ್ಕೆ ಬಹಳ ಮೊದಲೇ, ದೂರು ಕೊಡಲು ಸ್ಥಳವಿಲ್ಲದ ಜನ ಟಿಕೆಟು ಕೊಂಡು ಈ ಮಂಡಳಿಯ ಕುರ್ಚಿಗಳಲ್ಲಿ ಕುಳಿತು ತಮ್ಮ ದೂರು ಬಹಿರಂಗವಾಗಿ ಓದಲ್ಪಡುವುದನ್ನು ಕೇಳಿದರು.

‘ನಡುಬೀದಿ ನಾರಾಯಣ’, ‘ಭ್ರಷ್ಟಾಚಾರ’, ‘ಕಪಿಮುಷ್ಟಿ’, ‘ಪಶ್ಚಾತ್ತಾಪ’ ಮೊದಲಾದ ನಾಟಕಗಳು ಇದೇ ಸಾಲಿನವು. ಅವುಗಳ ಕಥೆಯನ್ನು ಒಂದೊಂದಾಗಿ ಹೇಳುವುದು ಪ್ರಯೋಜನವಿಲ್ಲದ ಕೆಲಸ. ಏಕೆಂದರೆ ಹಿರಣ್ಣಯ್ಯನವರ ನಾಟಕದಲ್ಲಿ ಕಥೆಯು ಬಟ್ಟೆ ಒಣಹಾಕುವ ಹಗ್ಗದಂತೆ. ಹಗ್ಗವನ್ನು ಯಾರೂ ನೋಡುವುದಿಲ್ಲ. ಆದರೆ ಹಗ್ಗವಿಲ್ಲದೆ ಬಟ್ಟೆ ನಿಲ್ಲುವುದಿಲ್ಲ. ಬೆಳಗಿನ ವೃತ್ತಪತ್ರಿಕೆಯಲ್ಲಿ ಬಂದ ಸುದ್ದಿ ಸಾಯಂಕಾಲದ ಅಂಕದಲ್ಲಿ ಸೇರಿಕೊಳ್ಳುತ್ತಿತ್ತು. ಊರಿಗೆ ಬಂದ ಮಂತ್ರಿ, ಬಾರದ ನೀರು, ಏರಿದ ಅಕ್ಕಿಯ ಬೆಲೆ, ಮೊನ್ನೆ ಪಕ್ಷ ಬಿಟ್ಟು ನಿನ್ನೆ ಮತ್ತೆ ಸೇರಿದ ಮಹಾಶಯ, ಎಲ್ಲರಿಗೂ ಅಲ್ಲಿ ಸ್ಥಳವಿತ್ತು. ಪಾತ್ರವು ಪಾತ್ರದೊಡನೆ ಆಡುತ್ತಿದ್ದ ಮಾತು ಥಟ್ಟನೆ ಸಭೆಯ ಕಡೆ ತಿರುಗುತ್ತಿತ್ತು. ಮುಂದಿನ ಸಾಲಿನಲ್ಲಿ ಅಧಿಕಾರಸ್ಥರು ಕುಳಿತಿದ್ದರೆ ಅವರ ಕಡೆಗೇ ತಿರುಗುತ್ತಿತ್ತು. ಇದರಿಂದ ಅವರಿಗೆ ಮೆಚ್ಚುವವರು ದೊರೆತಂತೆ ಹಗೆಗಳೂ ದೊರೆತರು.

ನಮ್ಮ ಅಭಿಪ್ರಾಯವನ್ನೂ ಇಲ್ಲಿ ಮುಚ್ಚಿಡುವುದು ಸರಿಯಲ್ಲ. ಕೊನೆಕೊನೆಯ ವರ್ಷಗಳಲ್ಲಿ ಅವರ ಪ್ರಯೋಗಗಳಲ್ಲಿ ಭಾಷಣವು ನಾಟಕವನ್ನು ನುಂಗಿತು. ಉಳಿದ ಪಾತ್ರಗಳು ಕೈಕಟ್ಟಿ ನಿಂತು ಯಜಮಾನರ ಮಾತು ಮುಗಿಯುವುದನ್ನು ಕಾಯುತ್ತಿದ್ದವು. ಹೆಂಗಸರ ಮೇಲಿನ ಕೆಲವು ಹಾಸ್ಯಗಳು ನಮಗೆ ರುಚಿಸಲಿಲ್ಲ. ‘ಕಲ್ಚರ್ಡ್ ಕಮೆಡಿಯನ್’ ಎನಿಸಿಕೊಂಡಿದ್ದ ತಂದೆ ಅವನ್ನು ಬಿಡುತ್ತಿದ್ದರೋ ಏನೋ. ಆದರೆ ಇಷ್ಟನ್ನು ಹೇಳಿದವರೂ ಮರುವರ್ಷ ಮತ್ತೆ ಟಿಕೆಟಿಗೆ ನಿಂತಿದ್ದರೆಂಬುದು ನಿಜ. ನಾವೂ ನಿಂತಿದ್ದೆವು.

ಈಗ ಕಾಯಿದೆಯ ಒಂದು ಮಾತು. ಬ್ರಿಟಿಷ್ ಸರಕಾರ 1876ರಲ್ಲಿ ನಾಟಕ ಪ್ರಯೋಗಗಳ ಕಾಯಿದೆಯೊಂದನ್ನು ಮಾಡಿತು. ವಂಗದೇಶದ ನಾಟಕಗಳು ದೊರೆಗಳನ್ನು ಹಾಸ್ಯ ಮಾಡತೊಡಗಿದ್ದೇ ಅದಕ್ಕೆ ಕಾರಣ. ಅವಮಾನಕರವೆಂದೋ ರಾಜದ್ರೋಹವೆಂದೋ ತೋರಿದ ನಾಟಕವನ್ನು ನಿಷೇಧಿಸಲು ಅದರಿಂದ ಅಧಿಕಾರ ಬಂದಿತು. ಸ್ವಾತಂತ್ರ್ಯ ಬಂದು ಏಳು ದಶಕಗಳಾಗುವವರೆಗೂ ಆ ಕಾಯಿದೆ ಹೊತ್ತಗೆಯಲ್ಲಿ ಉಳಿದುಕೊಂಡಿತ್ತು. ಇಂಥ ಕಾಯಿದೆಗಳೆಲ್ಲ ನಂಬಿದ್ದು ಕೈಬರಹವನ್ನು. ಹಸ್ತಪ್ರತಿಯನ್ನು ತರಿಸಿ ಓದಿದರೆ ನಾಟಕವನ್ನು ಓದಿದಂತೆಯೇ ಎಂದು ಅಧಿಕಾರಿಯ ನಂಬಿಕೆ. ಸಾರಥಿಯ ವಂಶದವನ ಹತ್ತಿರ ಆ ನಂಬಿಕೆ ನಡೆಯುವುದಿಲ್ಲ. ಹಸ್ತಪ್ರತಿಯಲ್ಲಿ "ನಮಸ್ಕಾರ ಸ್ವಾಮಿ" ಎಂದಷ್ಟೇ ಇರುತ್ತದೆ. ಆ ನಮಸ್ಕಾರವನ್ನು ಎಷ್ಟು ಬಗ್ಗಿ ಮಾಡಿದ, ಬಗ್ಗಿದಾಗ ಕೈ ಯಾವ ಕಿಸೆಯ ಕಡೆಗೆ ಹೋಯಿತು, ಅದನ್ನು ಯಾವ ಷರಾ ಬರೆದು ನಿಷೇಧಿಸುವುದು?

ಬರೆದದ್ದಕ್ಕೂ ಆಡಿದ್ದಕ್ಕೂ ಇರುವ ಈ ಅಂತರ ಕೈಲಾಸಂ ಅವರಲ್ಲಿ ಇನ್ನೊಂದು ರೀತಿಯಲ್ಲಿ ಕಾಣುತ್ತದೆ. ಅವರು ಇಂಗ್ಲೆಂಡಿನಲ್ಲಿ ಭೂಗರ್ಭಶಾಸ್ತ್ರ ಓದಿ ಬಂದವರು. ಆ ಕೆಲಸ ಬಿಟ್ಟು ನಾಟಕಕ್ಕೆ ಬಂದವರು. 1918ರ ‘ಟೊಳ್ಳುಗಟ್ಟಿ’ಯಿಂದ ಮುಂದೆ ಅವರ ನಾಟಕಗಳು ಮೊದಲು ಹುಟ್ಟಿದ್ದು ಬಾಯಲ್ಲಿ, ಸ್ನೇಹಿತರು ಹತ್ತಿರ ಕುಳಿತು ಬರೆದುಕೊಂಡರು. ಎಲ್ಲ ಪಾತ್ರಗಳನ್ನೂ ತಾವೊಬ್ಬರೇ ಮಾಡಿ ತೋರಿಸುತ್ತಿದ್ದ ಅವರ ವಾಚನವನ್ನು ಕೇಳಿದವರಿಗೆ, ಮುಂದೆ ಅಚ್ಚಾಗಿ ಬಂದ ಪುಸ್ತಕ ಅರೆಹೊಟ್ಟೆಯ ಊಟದಂತೆ ಕಂಡಿತೆಂದು ನಾವು ಹಿರಿಯರ ಬಾಯಲ್ಲಿ ಕೇಳಿದ್ದೇವೆ. 1946ರ ನವೆಂಬರಿನಲ್ಲಿ ಕೈಲಾಸಂ ಹೋದರು. ಅದೇ ವರ್ಷದ ಏಪ್ರಿಲಿನಲ್ಲಿ ಬಳ್ಳಾರಿ ರಾಘವರು ಹೋಗಿದ್ದರು.  ಒಬ್ಬರ ಪುಸ್ತಕಗಳು ಉಳಿದವು, ಇನ್ನೊಬ್ಬರ ಕೀರ್ತಿ ಉಳಿಯಿತು.

ಗುಡೇಕೋಟೆಯ ಸೀಮೆಯವರೇ ಆದ ಒಬ್ಬರು ಇದಕ್ಕೆ ತದ್ವಿರುದ್ಧವಾದ ಮಾರ್ಗ ಹಿಡಿದರು. 1913ರ ಏಪ್ರಿಲ್ 23ರಂದು ಹರಪನಹಳ್ಳಿಯಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು, ಎಂದರೆ ನಮ್ಮ ಬೀಚಿ. ಪೊಲೀಸ್ ಇಲಾಖೆಯಲ್ಲಿ ಗುಮಾಸ್ತಿಕೆ ಮಾಡಿದ ಮನುಷ್ಯ. ಕನ್ನಡ ಪುಸ್ತಕಗಳೆಂದರೆ ಅಸಡ್ಡೆಯಿದ್ದವರು ಅ. ನ. ಕೃಷ್ಣರಾಯರ ‘ಸಂಧ್ಯಾರಾಗ’ವನ್ನು ಓದಿ ಈ ಕಡೆ ತಿರುಗಿದರೆಂಬುದು ಪ್ರಸಿದ್ಧವಾದ ಕಥೆ. ತಮ್ಮ ಹೆಸರನ್ನು ಬರೆಯುವಾಗ ಮೊದಲಕ್ಷರವನ್ನು ಕನ್ನಡದಲ್ಲಿಯೂ ಉಳಿದುದನ್ನು ಇಂಗ್ಲಿಷಿನಲ್ಲಿಯೂ ಬರೆಯುತ್ತಿದ್ದರು. ಆ ಕಾಲದ ವಿದ್ಯಾವಂತರೆಲ್ಲರ ತಲೆಯ ಒಳಗಿನ ಸ್ಥಿತಿಗೆ ಅದಕ್ಕಿಂತ ಸಂಕ್ಷಿಪ್ತವಾದ ಚಿತ್ರ ಬೇರಿಲ್ಲ. ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟರು. ಅವರು ವೇಷ ಹಾಕಿ ರಂಗ ಏರಿ ಹೆಸರಾದವರಲ್ಲ. ಏರುವ ಕೆಲಸಕ್ಕೆ ತಮ್ಮ ಬದಲು ತಿಮ್ಮನನ್ನು ಕಳುಹಿಸಿದರು. ‘ತಿಮ್ಮನ ತಲೆ’, ‘ಅಂದನಾ ತಿಮ್ಮ’, ‘ತಿಮ್ಮಿಕ್ಷನರಿ’ ಹೀಗೆ ಪುಸ್ತಕದಿಂದ ಪುಸ್ತಕಕ್ಕೆ ತಿಮ್ಮನು ಪ್ರವೇಶ ಮಾಡುತ್ತಾನೆ, ಒಂದು ಮಾತು ಹೇಳುತ್ತಾನೆ, ಹೋಗಿಬಿಡುತ್ತಾನೆ. ಅವನ ಬಟ್ಟೆ ಯಾವುದು, ಮೀಸೆಯಿದೆಯೋ ಇಲ್ಲವೋ, ಏನೂ ತಿಳಿಯದು. ಆದರೂ ರೈಲಿನಲ್ಲಿ ಎದುರಿಗೆ ಕುಳಿತರೆ ಗುರುತು ಹಿಡಿದೇವು. ದೊಡ್ಡಾಟದ ಸಾರಥಿಯನ್ನು ಕಾಗದದ ಮೇಲೆ ಹಿಡಿದು ನಿಲ್ಲಿಸಿದವರು ಬೀಚಿ ಎಂದು ನಮಗೆ ಅನ್ನಿಸುತ್ತದೆ. ಆ ಸೀಮೆಯಲ್ಲಿ ಹುಟ್ಟಿದವರಿಗೆ ಅದು ಒದಗಿದ್ದರಲ್ಲಿ ಆಶ್ಚರ್ಯವಿಲ್ಲ. 1980ರ ಡಿಸೆಂಬರ್ 7ರಂದು ಅವರು ತೀರಿಕೊಂಡರು. ಆ ಮೇಲೆ ಅವರ ಹರಪನಹಳ್ಳಿಯನ್ನು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ, 2018ರಲ್ಲಿ ತಿರುಗಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಸೇರಿಸಿದರು. ಕುಳಿತಲ್ಲಿಂದ ಏಳದೆ ಮೂರು ಸಲ ಪ್ರಯಾಣ ಮಾಡಿದ ಊರು! ತಿಮ್ಮನು ಇದ್ದಿದ್ದರೆ ಪ್ರಯಾಣಭತ್ಯ ಕೇಳುತ್ತಿದ್ದ.

ಇನ್ನು, ಗುಡೇಕೋಟೆಯಿಂದ ಪ್ರಾರಂಭಿಸಿದುದಕ್ಕೆ ಕಾರಣ ಹೇಳಬೇಕು. ಅದು ನಮ್ಮ ಮೇಲೆಯೇ ಬರುವ ತಪ್ಪಿನ ಕಥೆ.

ಸುಮಾರು ಐವತ್ತು ವರ್ಷಗಳ ಹಿಂದೆ ಒಂದು ಕಾರ್ಯಾರ್ಥವಾಗಿ ಗುಡೇಕೋಟೆಯ ಆಸುಪಾಸಿನ ಒಂದು ಹಳ್ಳಿಯಲ್ಲಿ ಕೆಲವು ವಾರ ಉಳಿಯಬೇಕಾಯಿತು. ಊರ ಹುಡುಗರು ಹಬ್ಬಕ್ಕೆ ಒಂದು ಸಾಮಾಜಿಕ ನಾಟಕವನ್ನು ಸಿದ್ಧಪಡಿಸುತ್ತಿದ್ದರು. ಕಂಪನಿಗಳ ‘ಲಂಚಾವತಾರ’ದ ಗಾಳಿ ಅಲ್ಲಿಗೂ ಬೀಸಿತ್ತು, ಇವರ ನಾಟಕವೂ ಒಂದು ಕಛೇರಿಯ ಕಥೆಯೇ. ಅದರಲ್ಲಿ ಜವಾನನ ಪಾತ್ರವನ್ನು ಬರೆದವನೂ ಮಾಡುವವನೂ ಒಬ್ಬನೇ; ಮೂವತ್ತು ದಾಟಿದ ಒಕ್ಕಲಿಗ, ಎರಡೆಕರೆ ಮಳೆಯ ಹೊಲ ಅವನ ಜೀವನ. ಓದಿದವರು ಬಂದಿದ್ದಾರೆಂದು ಹುಡುಗರು ನಾಟಕದ ಹಸ್ತಪ್ರತಿಯನ್ನು ತಂದು, "ಗುರುಗಳ, ಒಂದೀಟು ತಿದ್ದಿಕೊಡ್ರಿ" ಎಂದರು. ಶಾಲೆಯ ಮಕ್ಕಳ ಬರೆಯುವ ಪುಸ್ತಕ, ಪೆನ್ಸಿಲಿನ ಬರಹ, ಒತ್ತಿಲ್ಲ, ದೀರ್ಘವಿಲ್ಲ.

ಅದರಲ್ಲಿ ಒಂದು ಸ್ಥಳ ನಮಗೆ ಚೆನ್ನಾಗಿ ನೆನಪಿದೆ. ಅರ್ಜಿದಾರನು ಬಂದು ಸಾಹೇಬರು ಇದ್ದಾರೆಯೇ ಎಂದು ಕೇಳುತ್ತಾನೆ. ಅದಕ್ಕೆ ಜವಾನನ ಉತ್ತರ: "ಸಾಹೇಬ್ರು ಅದಾರ. ಆದ್ರ ನಿನ್ನ ಕಣ್ಣಿಗೆ ಕಾಣಂಗಿಲ್ಲ. ಅದಕ್ಕೊಂದು ಕನ್ನಡಕ ಬೇಕು. ಕನ್ನಡಕ ನನ್ನ ಕಿಸೆದಾಗ ಐತಿ. ಬಾಡಿಗಿ ಎರಡು ರೂಪಾಯಿ."

ನಾವು ಅದನ್ನು ತಿದ್ದಿದೆವು. ಗ್ರಾಮ್ಯವೆಂದು ತೋರಿತು, ಸಾಹೇಬರ ಕಛೇರಿಯವರು ಯಾರಾದರೂ ಬಂದಿದ್ದರೆ ಅನಾಹುತವಾದೀತೆಂಬ ಭಯವೂ ಇತ್ತು. ಹೊಸ ಬಿಳಿಯ ಹಾಳೆಗಳ ಮೇಲೆ ದುಂಡಗಿನ ಅಕ್ಷರದಲ್ಲಿ ಇಡೀ ಪಾತ್ರವನ್ನು ಪ್ರತಿಮಾಡಿಕೊಟ್ಟೆವು. ಆ ಮಾತು ನಮ್ಮ ಪ್ರತಿಯಲ್ಲಿ ಹೀಗಾಯಿತು: "ಅಧಿಕಾರಿಗಳ ದರ್ಶನವು ಸಾಮಾನ್ಯರಿಗೆ ಸುಲಭಸಾಧ್ಯವಲ್ಲವಯ್ಯಾ! ಅದಕ್ಕೆ ಯೋಗ್ಯವಾದ ಉಪನೇತ್ರವು ಆವಶ್ಯಕ." ಕಿಸೆಯನ್ನೂ ಎರಡು ರೂಪಾಯಿಯನ್ನೂ ತೆಗೆದುಹಾಕಿದೆವು. ಧ್ವನಿಯಿಂದಲೇ ಅರ್ಥವಾಗುವುದೆಂದು ನಮ್ಮ ವಾದ. ಅವನು ಮೂರು ದಿನ ಗಟ್ಟಿಮಾಡಿದ. ನಾಲ್ಕನೆಯ ದಿನ ಬಂದು, "ಗುರುಗಳ, ನೀವು ಬರಕೊಟ್ಟಿದ್ದು ಭಾಳ ಚಲೋ ಐತಿ. ಆದ್ರ ಬಾಯಾಗ ಹೊಳ್ಳವಲ್ದು" ಎಂದ. ಅಭ್ಯಾಸವಾದರೆ ಹೊರಳುವುದೆಂದು ನಾವು ಸಮಾಧಾನ ಹೇಳಿದೆವು.

ಹಬ್ಬದ ರಾತ್ರಿ ಊರೆಲ್ಲ ಸೇರಿತ್ತು. ಮುಂದೆ ಕಂಬಳಿ ಹಾಸಿ ಹೆಂಗಸರು ಮಕ್ಕಳು. ಬದಿಯಲ್ಲಿ ನಾಲ್ಕು ಕುರ್ಚಿ. ಆ ಕುರ್ಚಿಗಳಲ್ಲೊಂದರಲ್ಲಿ ನಾವು ಭಯಪಟ್ಟಿದ್ದ ಅಧಿಕಾರಿಯೇ ಕುಳಿತಿದ್ದರು; ಪಕ್ಕದಲ್ಲಿ ನಾವು. ಜವಾನನ ಪ್ರವೇಶವಾಯಿತು. ಅವನು ನಾವು ಬರೆದುದನ್ನು ಒಂದಕ್ಷರವೂ ತಪ್ಪದೆ ಒಪ್ಪಿಸಿದ. ಸಭೆಯಲ್ಲಿ ಒಬ್ಬರೂ ನಗಲಿಲ್ಲ. ಮಗುವೊಂದು ಅತ್ತಿತು. ಅಂಥ ಮೌನವನ್ನು ನಾವು ಅದಕ್ಕೆ ಮುಂಚೆ ಕೇಳಿರಲಿಲ್ಲ. ಮುಂದಿನ ಸಾಲಿನಿಂದ ಒಬ್ಬ ಮುದುಕಿ ಗಟ್ಟಿಯಾಗಿ, "ಏನಂದ್ಯೋ ತಮ್ಮಾ?" ಎಂದು ಕೇಳಿದಳು.

ಅವನು ನಿಂತ. ನಮ್ಮ ಕುರ್ಚಿಯ ಕಡೆ ಒಮ್ಮೆ ನೋಡಿದ. ಆಮೇಲೆ ಮುದುಕಿಯ ಕಡೆ ಬಗ್ಗಿ, "ಇದು ನನ್ನ ಮಾತಲ್ಲಬೇ ಯವ್ವಾ, ಪ್ಯಾಟಿಯಿಂದ ಬಂದಿದ್ದು. ನನ್ನ ಮಾತು ಈಗ ಹೇಳ್ತೀನಿ ಕೇಳು" ಎಂದು, ಕಿಸೆಯಿಂದ ಇಲ್ಲದ ಕನ್ನಡಕವೊಂದನ್ನು ತೆಗೆದು, ಅಂಗಿಯ ಚುಂಗಿನಿಂದ ಒರೆಸಿ, ತನ್ನ ಹಳೆಯ ಮಾತನ್ನು ಹೇಳಿದ. ಬಾಡಿಗೆಯನ್ನು ಹೇಳುವಾಗ ಮಾತ್ರ ಕುರ್ಚಿಗಳ ಕಡೆ ತಿರುಗಿ, "ಎರಡು ರೂಪಾಯಿ, ಹಬ್ಬದ ದಿವಸ ಮೂರು" ಎಂದು ಸೇರಿಸಿದ. ಆ ನಗೆ ಕೋಟೆಯ ಬಂಡೆಗಳಿಗೆ ಬಡಿದು ಹಿಂದಿರುಗಿರಬೇಕು. ಎಲ್ಲರಿಗಿಂತ ಹೆಚ್ಚಾಗಿ ನಕ್ಕವರು ನಮ್ಮ ಪಕ್ಕದ ಅಧಿಕಾರಿಗಳು. ನಾವೂ ನಕ್ಕೆವು, ಆದರೆ ಉಳಿದವರಿಗಿಂತ ಸ್ವಲ್ಪ ತಡವಾಗಿ.

ಮರುದಿನ ಬೆಳಗ್ಗೆ ಅವನು ಕೆರೆಯ ಏರಿಯ ಮೇಲೆ ಎತ್ತು ಹೊಡೆದುಕೊಂಡು ಹೋಗುತ್ತಿದ್ದಾಗ ಕಂಡೆವು. ಅವನ ಬಾವಿಯ ಅರ್ಜಿಯೊಂದು ಅದೇ ಅಧಿಕಾರಿಗಳ ಮೇಜಿನ ಮೇಲೆ ಆರು ತಿಂಗಳಿಂದ ಕುಳಿತಿರುವ ಸಂಗತಿ ಅಷ್ಟರಲ್ಲಿ ನಮಗೆ ತಿಳಿದಿತ್ತು. ಹೀಗೇಕೆ ಮಾಡಿದೆ, ಹೆದರಿಕೆಯಾಗಲಿಲ್ಲವೇ ಎಂದು ಕೇಳಿದೆವು. "ಅವ್ರು ನಕ್ಕಾರಲ್ರೀ. ಮಂದಿ ಮುಂದ ನಕ್ಕ ಮ್ಯಾಲ ಸಿಟ್ಟು ಮಾಡಾಕ ಬರಂಗಿಲ್ಲ" ಎಂದ. ಆ ಸಿದ್ಧಾಂತ ಪೂರ್ತಿ ನಿಜವೆಂದು ನಮಗೆ ಆಗಲೂ ನಂಬಿಕೆ ಬರಲಿಲ್ಲ. ಹಿರಣ್ಣಯ್ಯನವರ ಅನುಭವವೂ ಅದನ್ನು ಪೂರ್ತಿ ಸಮರ್ಥಿಸುವುದಿಲ್ಲ. ನಾವು ಆ ಊರು ಬಿಡುವವರೆಗೆ ಅರ್ಜಿ ಅಲ್ಲಿಯೇ ಇತ್ತು.

ನಮ್ಮ ತಿದ್ದುಪಡಿಗಾಗಿ ಕ್ಷಮೆ ಕೇಳಬೇಕೆಂದು ತೋರಿತು. ಏನು ಹೇಳಬೇಕೋ ತಿಳಿಯದೆ, ಆ ಹಾಳೆಗಳು ಇನ್ನು ನಿನಗೆ ಬೇಡವಾದರೆ ಹಿಂದಕ್ಕೆ ಕೊಟ್ಟುಬಿಡು ಎಂದೆವು. ಅವನು ಗಾಬರಿಯಾಗಿ ತಲೆಯಾಡಿಸಿದ.

"ಬ್ಯಾಡ್ರಿ ಗುರುಗಳ, ಇರ್ಲಿ. ಮುಂದಿನ ವರ್ಷದ ಆಟ ಬರಿಯಾಕ ಬೇಕು. ಹಿಂದಿನ ಮಗ್ಗಲು ಎಲ್ಲಾ ಖಾಲಿ ಐತಿ."